ಎದೆಮಟ್ಟದ ಸೊನ್ನೆ

ಮಾರ್ಚ್ ೨, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ನಮ್ಮ ಎಣ್ಣೆ ಕಾರ್ಖಾನೆಯ ಚಿಮಣಿಯ ಬೆಂಕಿ ಆರಿಸಿದರು. ಮೂವತ್ತೊಂದು ವರ್ಷ ಹಗಲಿರುಳು ಉರಿದ ಬೆಂಕಿ. ಆರಲು ಎಷ್ಟು ಹೊತ್ತು ಹಿಡಿಯಿತು? ಒಂದು ಕೆಮ್ಮಿನಷ್ಟು.

ವ್ಯವಸ್ಥಾಪಕ ಮೈಕ್ ಹಿಡಿದು ನಿಂತಿದ್ದ. "ಎಣ್ಣೆಯ ಕಾಲ ಇಳೀತಾ ಇದೆ. ಕಂಪನಿ ತನ್ನ ಹೂಡಿಕೆನೆಲ್ಲ ದ್ರವ ಅನಿಲದ ಕಡೆ ತಿರುಗಿಸ್ತಾ ಇದೆ. ಜೆಟ್ಟಿ ಪಕ್ಕದ ಹೊಸ ಟರ್ಮಿನಲ್ ಇನ್ನೆರಡು ವಾರದಲ್ಲಿ ಶುರು. ಹೊಗೆ ಇಲ್ಲ, ಮಸಿ ಇಲ್ಲ, ವಾಸನೆ ಇಲ್ಲ. ನಿಮ್ಮ ಮಕ್ಕಳಿಗೆ ಶುದ್ಧ ಗಾಳಿ ಸಿಗುತ್ತೆ."

ಹೊಗೆ, ಮಸಿ, ವಾಸನೆ ಅಂದರೆ ಯಾರು? ನಾವು. ಎಣ್ಣೆಗೆ ಹದಿನಾಲ್ಕು ನೂರು ಜನ ಬೇಕಿತ್ತು, ಅನಿಲಕ್ಕೆ ಎಪ್ಪತ್ತು ಸಾಕು. ಉಳಿದವರು ಶುದ್ಧ ಗಾಳಿ ತಿಂದು ಬದುಕಬೇಕಂತೆ. ಕಳ್ಳ ನನ್ಮಕ್ಕಳು.

ನಮ್ಮ ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ಗುಡುಗಣ್ಣ ಅನ್ನುವುದು. ಮೈಕ್ ಇಲ್ಲದೆ ಮಾತಾಡಿದರೂ ಜೆಟ್ಟಿಯ ತನಕ ಕೇಳುತ್ತದೆ. ಇವತ್ತು ಅವನು ಬಾಯಿ ತೆರೆದ, ಘೋಷಣೆ ಹೊರಡಲಿಲ್ಲ. ಆರಿದ ಚಿಮಣಿಯನ್ನೇ ನೋಡುತ್ತ ನಿಂತ. ಕೊನೆಗೆ ನಾನೇ ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ.

ಸಂಘದ ದಾಖಲೆ ಪುಸ್ತಕ ಬೇರೆ ಇದೆ. ಅದರಲ್ಲಿ ಬೈಯುವ ಹಾಗಿಲ್ಲ. ಇದು ನನ್ನದು, ನಾನೊಬ್ಬಳೇ ಓದುವುದಕ್ಕೆ. ಇಲ್ಲಿ ಬೈಯಬಹುದು.

ಮಾರ್ಚ್ ೭, ಶನಿವಾರ

ಎಪ್ಪತ್ತರ ಪಟ್ಟಿಯಲ್ಲಿ ನನ್ನ ಹೆಸರಿದೆ!

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಮೂಸುವುದು. ಸೂರ್ಯ ಹುಟ್ಟುವ ಹೊತ್ತಿಗೆ ನಾಲ್ಕು ಮೈಲಿ ಕೊಳವೆಯ ಉದ್ದಕ್ಕೂ ನಡೆದು ಒಂದೊಂದು ಕೀಲಿಗೂ ಮೂಗು ಹಿಡಿಯಬೇಕು. ಕೊಳೆತ ಮೊಟ್ಟೆಯ ವಾಸನೆಯೇ, ಡಾಂಬರಿನದೇ, ಸಿಹಿ ಸಿಹಿಯಾಗಿ ತಲೆ ತಿರುಗಿಸುವುದೇ, ಯಾವುದು ಸೋರಿದರೂ ಯಂತ್ರಕ್ಕಿಂತ ಮುಂಚೆ ನನಗೆ ಗೊತ್ತಾಗುತ್ತಿತ್ತು. ಅದಕ್ಕೇ ನನ್ನ ಅಡ್ಡಹೆಸರು ನಾಯಿಮೂಗು. ಬೈಗುಳವಲ್ಲ, ಬಿರುದು.

ಸಂಘದ ಕೋಣೆಯಲ್ಲಿ ಜಗಳವೇ ಆಯಿತು. ಹೊರಗೆ ಬಿದ್ದವರು ನನ್ನನ್ನು ತಿನ್ನುವ ಹಾಗೆ ನೋಡಿದರು. "ಹೋಗಮ್ಮ, ಹೋಗು, ಎಲುಬು ಹಾಕಿದಾರೆ," ಅಂದ ಒಬ್ಬ ಬೆಸುಗೆಯವನು. ನಾನು ಚಪ್ಪಲಿ ತೆಗೆಯುವುದರಲ್ಲಿದ್ದೆ. ಗುಡುಗಣ್ಣ ಮಧ್ಯೆ ಬಂದ.

"ಒಳಗೊಬ್ಬಳು ನಮ್ಮವಳಿರ್ಲಿ ಕಣ್ರೋ. ಟರ್ಮಿನಲ್ ಎಲ್ಲಿ ಕಟ್ಟಿದಾರೆ? ನಮ್ಮ ತಗ್ಗಿನ ನೆತ್ತಿ ಮೇಲೆ. ಏನಾದ್ರೂ ಸೋರಿದ್ರೆ ಮೊದಲು ಇಳಿಯೋದು ಎಲ್ಲಿಗೆ? ನಮಗೆ ಹೇಳೋರು ಯಾರು, ವ್ಯವಸ್ಥಾಪಕನಾ?"

ತಗ್ಗು ಎಂದರೆ ನಮ್ಮ ಕೇರಿ. ಕಾರ್ಖಾನೆಯ ನೆಲ ಎತ್ತರಿಸಲು ಮಣ್ಣು ಬೇಕಾಗಿತ್ತು. ನಮ್ಮಪ್ಪಂದಿರು ತೋಡಿಕೊಟ್ಟರು. ತೋಡಿದ ಗುಂಡಿಯಲ್ಲಿ ಅವರಿಗೇ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟರು. ನಲವತ್ತೆರಡು ಮನೆ. ಅದರಲ್ಲಿ ಎರಡು ನನ್ನದು ಮತ್ತು ನನ್ನ ಅಕ್ಕನದು, ನಡುವೆ ಒಂದೇ ಗೋಡೆ.

ಅಕ್ಕ ಕಾರ್ಮಿಕರ ಬಟ್ಟೆ ಒಗೆಯುವವಳು. ಅಂಗಳದಲ್ಲಿ ಕತ್ತೆ ಗಾತ್ರದ ಹಂಡೆ, ಅದರ ಕೆಳಗೆ ಬೆಳಿಗ್ಗೆ ಐದಕ್ಕೇ ಸೌದೆ ಒಲೆ. ಸುದ್ದಿ ಹೇಳಿದಾಗ ತಲೆಯೆತ್ತದೆ ನಕ್ಕಳು.

"ವಾಸನೆಯಿಲ್ಲದ ಅನಿಲಕ್ಕೆ ನಿನ್ನ ಮೂಗ್ಯಾಕೆ ಬೇಕಂತೆ? ಬೋಳುತಲೆಗೆ ಬಾಚಣಿಗೆ ಮಾರ್ದಂಗಾಯ್ತು."

"ಸೋರಿದ್ರೆ ಮೊದಲು ನಿಂಗೇ ಹೇಳ್ತೀನಿ ಅಕ್ಕ. ಆಣೆ."

"ಆಣೆಗೀಣೆ ಬೇಡ. ಹೇಳು, ಸಾಕು."

ಮಾರ್ಚ್ ೧೬, ಸೋಮವಾರ

ಟರ್ಮಿನಲ್‌ನ ಮೊದಲ ದಿನ. ಜೆಟ್ಟಿಯಲ್ಲಿ ಹಡಗು ನಿಂತಿದೆ, ಬೆನ್ನ ಮೇಲೆ ನಾಲ್ಕು ಬೋಳು ಗುಮ್ಮಟ. ಅದರೊಳಗಿನ ದ್ರವ ಎಷ್ಟು ತಣ್ಣಗಿದೆ ಎಂದರೆ ಮಂಜುಗಡ್ಡೆ ಅದರ ಮುಂದೆ ಕುಲುಮೆ. ಸುಡುಬಿಸಿಲಲ್ಲಿ ಕೊಳವೆಗಳ ಮೇಲೆ ಬಿಳಿ ಹೆಪ್ಪು ಕಟ್ಟಿತ್ತು. ಸುರಕ್ಷತಾ ಅಧಿಕಾರಿ ರಬ್ಬರಿನ ಕೈಗವಸೊಂದನ್ನು ದ್ರವದಲ್ಲಿ ಅದ್ದಿ ಮೇಜಿಗೆ ಬಡಿದ. ಐದು ಬೆರಳೂ ಗಾಜಿನಂತೆ ಚೂರಾದವು. ಯಾರೋ ಚಪ್ಪಾಳೆ ತಟ್ಟಿದರು. ನಾನು ನನ್ನ ಬೆರಳುಗಳನ್ನು ಜೇಬಿಗೆ ಹಾಕಿಕೊಂಡೆ.

ಅಧಿಕಾರಿ ನನ್ನ ಮಗನ ವಯಸ್ಸಿನವನಾಗಬಹುದು, ನನಗೆ ಮಗನಿದ್ದಿದ್ದರೆ. ಮೆಲುದನಿ. "ಮೇಡಂ, ಈ ಅನಿಲಕ್ಕೆ ಹುಟ್ಟುವಾಸನೆ ಇಲ್ಲ. ಊರೊಳಗಿನ ಕೊಳವೆಗೆ ಬಿಡೋವಾಗ ಜನಕ್ಕೆ ಗೊತ್ತಾಗ್ಲಿ ಅಂತ ವಾಸನೆ ಬೆರೆಸ್ತಾರೆ. ಇಲ್ಲಿ ಬೆರೆಸಿರಲ್ಲ. ನಿಮ್ಮ ಮೂಗಿಗೆ ಇನ್ನು ವಿಶ್ರಾಂತಿ." ಎಂದು ನನ್ನ ಎದೆಗೆ ಒಂದು ಮೀಟರ್ ಸಿಕ್ಕಿಸಿದ. ಅಂಕಿ ತೋರಿಸುತ್ತದೆ, ಅನಿಲ ಸಿಕ್ಕರೆ ಕಿರುಚುತ್ತದೆ. ಬೇಲಿಯ ಸುತ್ತ ನಡೆದು ಇಪ್ಪತ್ತು ಕಡೆ ಅಂಕಿ ಓದಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇಷ್ಟೇ ಕೆಲಸ.

ನನ್ನನ್ನು ಜನ್ಮದಲ್ಲಿ ಯಾರೂ ಮೇಡಂ ಅಂದಿರಲಿಲ್ಲ. ಅಂದವನ ನಾಲಿಗೆಗೆ ಎಷ್ಟು ಬೆಣ್ಣೆ ಹಚ್ಚಿ ಕಳಿಸಿದ್ದಾರೋ.

ಸದ್ದೇ ಇಲ್ಲ ಇಲ್ಲಿ. ಹಳೇ ಕಾರ್ಖಾನೆ ಗೊರಕೆ ಹೊಡೆಯುವ ಗಂಡನ ಹಾಗಿತ್ತು, ಬದುಕಿದ್ದಾನೆ ಎಂದಾದರೂ ಗೊತ್ತಾಗುತ್ತಿತ್ತು. ಇದು ಉಸಿರು ಬಿಗಿಹಿಡಿದು ಮಲಗಿದವನ ಹಾಗೆ.

ಮಾರ್ಚ್ ೨೫, ಬುಧವಾರ

ಬರೆಯುತ್ತಿರುವಾಗಲೂ ಸಿಟ್ಟು ಇಳಿದಿಲ್ಲ.

ಎರಡನೆಯ ಹಡಗು ಬಂದಿದೆ. ಬೆಳಿಗ್ಗೆ ಐದೂವರೆಗೆ ಅನಿಲ ಇಳಿಸಲು ಶುರುಮಾಡಿದರು. ಒಂದು ಎಲೆ ಅಲುಗದಷ್ಟು ಗಾಳಿ ನಿಂತಿತ್ತು. ಹದಿನಾಲ್ಕನೇ ಗುರುತಿನ ಹತ್ತಿರ, ತಗ್ಗಿನ ಕಡೆಗೆ ಇಳಿಯುವ ಚರಂಡಿಯಲ್ಲಿ, ಮಂಜು. ಮೇಲೇಳುವ ಮಂಜಲ್ಲ. ಪಾತ್ರೆಯಿಂದ ಚೆಲ್ಲಿದ ಹಾಲಿನಂತೆ ನೆಲಕ್ಕೆ ಅಂಟಿ ಹರಿಯುತ್ತಿತ್ತು. ಮೊಣಕಾಲಿನಷ್ಟು ಎತ್ತರ, ಮೇಲಿನ ಅಂಚು ಕತ್ತರಿಸಿಟ್ಟಂತೆ ಸಮ. ನಿಧಾನವಾಗಿ, ದಾರಿ ಗೊತ್ತಿರುವವರ ಹಾಗೆ, ಮೋರಿಯ ಕೆಳಗೆ ನುಗ್ಗಿ ನಮ್ಮ ಕೇರಿಗೆ ಇಳಿಯುತ್ತಿತ್ತು. ಚರಂಡಿಯಲ್ಲಿ ಪ್ರತಿದಿನ ವಟಗುಟ್ಟುವ ಕಪ್ಪೆಗಳಲ್ಲಿ ಒಂದೂ ಉಸಿರೆತ್ತಲಿಲ್ಲ.

ಮೀಟರ್ ನೋಡಿದೆ. ಸೊನ್ನೆ.

ಮೂಸಿದೆ. ಏನೂ ಇಲ್ಲ. ಇಪ್ಪತ್ತೆರಡು ವರ್ಷದ ಮೂಗು 'ಏನೂ ಇಲ್ಲ, ನಡಿ' ಅಂದಿತು. ನಾನು ನಡೆದೇ ಬಿಟ್ಟಿದ್ದೆ, ಹತ್ತು ಹೆಜ್ಜೆ! ವಾಸನೆ ಇಲ್ಲದ್ದು ಸೋರಿಕೆಯೇ ಅಲ್ಲ ಎಂದು ಮೈಗೆ ಅಭ್ಯಾಸ. ಆಮೇಲೆ ಏಕೋ ನಿಂತೆ. ಹಿಂದೆ ಬಂದು, ಎದೆಯಿಂದ ಮೀಟರ್ ಬಿಚ್ಚಿ, ಬಗ್ಗಿ, ಮಂಜಿನೊಳಗೆ ಹಿಡಿದೆ.

ಕಿರುಚಿತು. ಹಾವು ಹಿಡಿದ ಕಪ್ಪೆಯ ಹಾಗೆ ಕಿರುಚಿತು. ಅಂಕಿ ಓಡಿ ಓಡಿ ತುದಿ ಮುಟ್ಟಿ ನಿಂತಿತು. ಒಂದು ಕಿಡಿ ಸಾಕಿತ್ತು, ಅಷ್ಟು ಅನಿಲ.

ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಬರೆದೆ. ತಗ್ಗಿಗೆ ಓಡಿಹೋಗಿ ಅಕ್ಕನ ಒಲೆಗೆ ಒಂದು ಬಿಂದಿಗೆ ನೀರು ಸುರಿದೆ. "ಹುಚ್ಚು ಹಿಡೀತಾ ನಿಂಗೆ?" ಎಂದು ಕಿರುಚಿದಳು. ಹೇಳಿದೆ. ಅವಳು ಮೋರಿಯ ಕಡೆ ನೋಡಿದಳು. ಅಲ್ಲಿ ಬಿಳಿಯದು ಇನ್ನೂ ಹರಿಯುತ್ತಿತ್ತು, ನಮ್ಮ ಅಂಗಳಕ್ಕೆ ಇನ್ನು ಎಂಟು ಮೊಳ.

ಮಾರ್ಚ್ ೨೬, ಗುರುವಾರ

ಅಧಿಕಾರಿ ಕರೆಸಿದ. ಚಹಾ ತರಿಸಿದ.

"ಮೇಡಂ, ಬಿಳಿ ಕಾಣ್ಸಿದ್ದು ಬರೀ ಗಾಳಿಯಲ್ಲಿನ ತೇವ. ತಂಪಿಗೆ ಮಂಜಾಗುತ್ತೆ."

"ತಂಪು ಎಲ್ಲಿಂದ ಬಂತು? ನಿಮ್ಮ ಅನಿಲ ಸೋರಿ ಬಂತು. ಮೀಟರ್ ಕಿರುಚ್ತು."

"ನೀವು ಬಗ್ಗಿದ್ರಿ." ಮರುಕ ತೋರಿಸುವವನ ಹಾಗೆ ಹೇಳಿದ. "ನಿಯಮದಲ್ಲಿ ಓದಿ. ಅಳತೆ ಎದೆಮಟ್ಟದಲ್ಲಿ. ಜಗತ್ತಿನ ಎಲ್ಲ ಟರ್ಮಿನಲ್‌ನಲ್ಲೂ ಹೀಗೇ ಅಂತ ಮೇಲಿನವರು ಹೇಳಿದಾರೆ. ಬಗ್ಗಿ ತಗೊಂಡ ಅಂಕಿ ಅಂಕಿನೇ ಅಲ್ಲ."

ನನ್ನ ಕೆಂಪು ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದಿದ್ದರು. ಪಕ್ಕದಲ್ಲಿ 'ತಪ್ಪು ವಿಧಾನ' ಎಂದು ಬರೆದಿದ್ದರು.

"ಇಳಿಸೋ ಕೊಳವೆಯ ಕೀಲು ಸವೆದಿದೆ," ಅಂದೆ. "ಬದಲಾಯಿಸಿ."

"ಅದಕ್ಕೆ ಟರ್ಮಿನಲ್ ಎರಡು ತಿಂಗಳು ನಿಲ್ಲಿಸ್ಬೇಕು. ಈಗ ತಾನೇ ಕಣ್ಣು ಬಿಟ್ಟ ಕೂಸು ಇದು. ನಿಂತ್ರೆ ನಿಮ್ಮ ಎಪ್ಪತ್ತು ಜನಕ್ಕೂ ರಜೆ. ನೀವೇ ಹೇಳಿ."

ಜೀವಮಾನವೆಲ್ಲ ಬಗ್ಗು ಬಗ್ಗು ಅಂದ ಕಂಪನಿ, ಮೊದಲ ಸಲ ಬಗ್ಗಬೇಡ ಅನ್ನುತ್ತಿದೆ. ನಗು ಬಂತು. ಚಹಾ ಕುಡಿಯದೆ ಎದ್ದುಬಂದೆ. ಮುಂದಿನ ಹಡಗಿಗೂ ಬಗ್ಗುತ್ತೇನೆ. ಮತ್ತೆ ಕೆಂಪಲ್ಲೇ ಬರೆಯುತ್ತೇನೆ. ಅವರ ಅಡಿಪಟ್ಟಿ ಸವೆಯುವ ತನಕ ಬರೆಯುತ್ತೇನೆ.

ಏಪ್ರಿಲ್ ೪, ಶನಿವಾರ

ಮೂರು ಹಡಗು ಬಂದುಹೋದವು. ಮೂರು ಸಲ ಬಗ್ಗಿದೆ, ಮೂರು ಸಲ ಗೆರೆ ಎಳೆದರು.

ತಗ್ಗಿನಲ್ಲಿ ಬೆಕ್ಕುಗಳೆಲ್ಲ ಮಾಡಿನ ಮೇಲೆ ಹತ್ತಿ ಕುಳಿತಿವೆ. ಇಳಿಯುತ್ತಿಲ್ಲ. ಹಾಲು ತೋರಿಸಿ ಕರೆದರೂ ಅಲ್ಲಿಂದಲೇ ನೋಡುತ್ತವೆ, ನೆರೆ ಬಂದ ಊರನ್ನು ನೋಡುವ ಹಾಗೆ.

"ಇನ್ನೊಂದು ಗಮನಿಸಿದ್ಯಾ?" ಅಂದಳು ಅಕ್ಕ. "ಹಡಗು ಬಂದ ದಿನ ಚಾಪೆ ಮೇಲೆ ಮಲಗೋರು ತಡವಾಗಿ ಏಳ್ತಾರೆ. ಮಂಚದ ಮೇಲಿನೋರು ಸರಿಯಾಗಿ ಏಳ್ತಾರೆ. ಆಚೆಮನೆ ಮಗುನ ಎಷ್ಟು ಅಲುಗಾಡಿಸ್ಬೇಕಾಯ್ತು ಗೊತ್ತಾ? ಎದ್ದ ಮೇಲೆ ಅಳಲೂ ಇಲ್ಲ. ನಗ್ತಾ ಇತ್ತು."

ಅಕ್ಕ ಮಂಚದ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾಳೆ. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಅವರ ಪಕ್ಕದವರು. ಕಿಟಕಿಯಲ್ಲಿ ಇಣುಕಿದರೆ ಜನ ಸೊಂಟದೆತ್ತರದಲ್ಲಿ ಮಲಗಿದ್ದಾರೆ. ಮಂಚ ಇಲ್ಲದವರು ಮೇಜು ಜೋಡಿಸಿಕೊಂಡಿದ್ದಾರೆ. ಇಡೀ ಕೇರಿ ನೆಲಕ್ಕೆ ಹೆದರಿದೆ.

ಒಂದು ವಿಚಿತ್ರ. ಬಗ್ಗಿ ಅಳತೆ ತೆಗೆದುಕೊಂಡ ಮೇಲೆ ಚರಂಡಿಯ ಕಟ್ಟೆಯ ಮೇಲೆ ಕುಳಿತು ಬೂಟಿನ ದಾರ ಕಟ್ಟಿಕೊಳ್ಳುತ್ತೇನೆ. ಎರಡೇ ನಿಮಿಷ. ತಲೆ ಹೂವಿನಷ್ಟು ಹಗುರಾಗುತ್ತದೆ. ಅಧಿಕಾರಿಯ ಮುಖ ನೆನಪಾದರೂ ಸಿಟ್ಟು ಬರುವುದಿಲ್ಲ. ಆಮೇಲೆ ಬರುತ್ತದೆ, ಕೊಂಚ ತಡವಾಗಿ.

ಏಪ್ರಿಲ್ ೧೧, ಶನಿವಾರ

ಹಾಲು ಉಕ್ಕಿ ತಳ ಹಿಡಿದು ಕರಿದಾಗುವ ತನಕ ಒಲೆಯ ಮುಂದೆಯೇ ನಿಂತಿದ್ದೆನಂತೆ. ಅಕ್ಕ ಗೋಡೆಯಾಚೆಯಿಂದ "ಏನೇ ಸುಡ್ತಿದೀಯ?" ಎಂದು ಓಡಿಬಂದಳು. ನನಗೆ ವಾಸನೆಯೇ ಬಂದಿರಲಿಲ್ಲ. ಈಗಿನ ಹಾಲೇ ಹಾಗೆ, ನೀರು. ಸಾಬೂನಿಗೂ ಈಗ ವಾಸನೆ ಇರುವುದಿಲ್ಲ. ಎಲ್ಲದರಲ್ಲೂ ಮೋಸ.

ನಿದ್ದೆ ಚೆನ್ನಾಗಿ ಬರುತ್ತಿದೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

ಏಪ್ರಿಲ್ ೧೯, ಭಾನುವಾರ

ಗುಡ್ಡದ ಮೇಲಿನ ಹೊಸ ವಸತಿಯಲ್ಲಿ ನನಗೊಂದು ಮನೆ ಕೊಟ್ಟಿದ್ದಾರೆ. ಎರಡು ಕೋಣೆ, ಬಿಳಿ ಗೋಡೆ, ಕಿಟಕಿಗೆ ಗಾಜು. ಕೆಲಸದವರು ಗೇಟಿನ ಹತ್ತಿರವೇ ಇರಬೇಕಂತೆ. ನಾನು ಕೇಳಿದ್ದಲ್ಲ, ಅವರೇ ಕೊಟ್ಟಿದ್ದು. ಬೇಡ ಅನ್ನುವುದಕ್ಕೆ ಕಾರಣ ಹುಡುಕಿದೆ. ಬೇಕಾದಷ್ಟು ಇರಬೇಕು, ಸಮಯಕ್ಕೆ ಒಂದೂ ತೋಚಲಿಲ್ಲ.

ಅಕ್ಕನನ್ನು ಕರೆದೆ. "ಹಂಡೆ ತಲೆ ಮೇಲೆ ಹೊತ್ಕೊಂಡು ಬರ್ಲಾ?" ಅಂದಳು. "ಇಲ್ಲಿಯ ನಲವತ್ತೊಂದು ಮನೆಯೋರನ್ನ ಯಾವ ಕೋಣೇಲಿ ಇಡ್ತೀಯ?"

"ನಲವತ್ತೊಂದಲ್ಲ, ನಲವತ್ತು. ನಂದೂ ನಿಂದೂ ಕಳೆದ್ರೆ ನಲವತ್ತು."

"ಓ, ಲೆಕ್ಕ ಚೆನ್ನಾಗಿ ಕಲಿಸಿದಾರೆ," ಅಂದಳು. ನಗಲಿಲ್ಲ.

"ಮೊನ್ನೆ ಹಡಗು ಬಂದಾಗ ಬಗ್ಗಿದ್ಯಾ?"

"ಹೂಂ."

ಬಗ್ಗಿದ್ದೆನೇ? ಬಗ್ಗಿರಬೇಕು. ಪುಸ್ತಕದಲ್ಲಿ ಮಾತ್ರ ಎದೆಮಟ್ಟದ್ದನ್ನು ಬರೆದೆ. ಹೇಗೂ ಗೆರೆ ಎಳೆಯುತ್ತಾರೆ, ಪುಸ್ತಕ ಗಲೀಜಾಗುತ್ತದೆ.

ಏಪ್ರಿಲ್ ೨೦, ಸೋಮವಾರ

ಇಪ್ಪತ್ತು ಕಡೆಯೂ ಸೊನ್ನೆ. ಎಲ್ಲ ಸರಿ.

ಏಪ್ರಿಲ್ ೩೦, ಗುರುವಾರ

ಕಂಪನಿಯಿಂದ ಒಂದು ಕರಪತ್ರ. 'ಸಹಕಾರದ ಕೋರಿಕೆ: ಹಡಗು ಬಂದ ದಿನಗಳಲ್ಲಿ ಬೆಳಿಗ್ಗೆ ಎಂಟರವರೆಗೆ ತಗ್ಗುಪ್ರದೇಶದ ನಿವಾಸಿಗಳು ಒಲೆ, ದೀಪ, ಬೀಡಿ ಹಚ್ಚದಿರುವುದು.' ಹಂಚಲು ನನ್ನನ್ನೇ ಕಳಿಸಿದರು, ನಿವಾಸಿಗಳಿಗೆ ನನ್ನ ಪರಿಚಯವಿದೆ ಎಂದು.

ಯಾರೂ ಬೈಯಲಿಲ್ಲ. ಎತ್ತರದ ಮಂಚಗಳ ಮೇಲಿಂದ ಕೈ ಚಾಚಿ ತೆಗೆದುಕೊಂಡರು. ಬೀಡಿಯ ಬಗ್ಗೆ ಒಬ್ಬ ಮುದುಕ ಏನೋ ಗೊಣಗಿದ.

ಅಕ್ಕ ಮಾತ್ರ ಎರಡು ಸಲ ಓದಿಸಿಕೊಂಡಳು.

"ಅಂದ್ರೆ ಇದೆ," ಅಂದಳು.

"ಏನಿದೆ?"

"ಬೆಂಕಿಗೆ ಹೆದರೋದು ಏನೋ ಇದೆ. ಇಲ್ದಿದ್ರೆ ಅಷ್ಟು ದೊಡ್ಡ ಕಂಪನಿ ನನ್ನ ಸೌದೆ ಒಲೆಗ್ಯಾಕೆ ಕೈ ಮುಗಿಯುತ್ತೆ?"

"ಬರೀ ಮುನ್ನೆಚ್ಚರಿಕೆ ಅಕ್ಕ. ಅಳತೆ ಎಲ್ಲ ಸೊನ್ನೆ ಇದೆ."

ಅವಳು ನನ್ನ ಹತ್ತಿರ ಬಂದು ಕುತ್ತಿಗೆಯ ಬಳಿ ಮೂಸಿದಳು. ಚಿಕ್ಕವರಿದ್ದಾಗ, ನಾನು ಸ್ನಾನ ಮಾಡಿದೆನೋ ಇಲ್ಲವೋ ನೋಡಲು ಹೀಗೇ ಮೂಸುತ್ತಿದ್ದಳು.

"ನಿನ್ನ ಬಟ್ಟೆ ಇಪ್ಪತ್ತೆರಡು ವರ್ಷ ಒಗೆದೆ," ಅಂದಳು. "ಎಣ್ಣೆ, ಬೆವರು, ಗಂಧಕ. ನೂರು ಬಟ್ಟೆಯಲ್ಲಿ ಕಣ್ಣು ಮುಚ್ಕೊಂಡು ನಿಂದು ಎತ್ತಿಡ್ತಿದ್ದೆ. ಈಗ ಏನೂ ಇಲ್ವಲ್ಲೇ."

ಸ್ವಚ್ಛವಾಗಿದ್ದೇನೆ ಎಂದು ಹೊಗಳಿದಳೇನೋ.

ಮೇ ೬, ಬುಧವಾರ

ಈ ಪುಸ್ತಕದ ಮೊದಲ ಪುಟಗಳನ್ನು ಓದಿದೆ. ಯಾರೋ ಕೋಪಿಷ್ಠೆ ಬರೆದ ಹಾಗಿದೆ. ಅಕ್ಷರ ನನ್ನದೇ. ಪಾಪ, ಅವಳಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ಕಾಣುತ್ತದೆ.

ಮೇ ೧೪, ಗುರುವಾರ

ವಿಚಾರಣೆ ಇತ್ತು. ಗುಡುಗಣ್ಣ ಅರ್ಜಿ ಕೊಟ್ಟು ಸರ್ಕಾರದ ತಪಾಸಣಾಧಿಕಾರಿಯನ್ನು ಕರೆಸಿದ್ದಾನೆ. ಒಂದೂವರೆ ತಿಂಗಳು ಕಚೇರಿಯ ಮೆಟ್ಟಿಲ ಮೇಲೆ ಕುಳಿತನಂತೆ. ತಪಾಸಣೆಯ ದಿನ ಮುಂಚೆಯೇ ಗೊತ್ತಾಗಿದ್ದರಿಂದ ಹಡಗು ಬಂದರಿನ ಹೊರಗೇ ಉಳಿಯಿತು. ಗಾಳಿಯೂ ಚೆನ್ನಾಗಿ ಬೀಸುತ್ತಿತ್ತು. ಮಂಜು ಎಲ್ಲಿಂದ ಬರಬೇಕು?

ಸಭೆಯ ಕೋಣೆಯಲ್ಲಿ ನಿವಾಸಿಗಳು ಹಿಂದೆ, ನಾವು ಮುಂದೆ ಕುಳಿತಿದ್ದೆವು. ತಪಾಸಣಾಧಿಕಾರಿ ದಣಿದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ತನ್ನ ಕಚೇರಿಯ ಮೀಟರ್ ದುರಸ್ತಿಗೆ ಹೋಗಿ ವರ್ಷವಾಯಿತು, ಬಂದಿಲ್ಲ ಎಂದ. ಪುಸ್ತಕ ತಿರುವಿ ನನ್ನನ್ನು ಕೇಳಿದ: "ನಡೆದು ನೋಡೋರು ನೀವೇ ತಾನೆ? ಅನಿಲ ಕೇರಿಗೆ ಹೋಗಿದ್ದನ್ನ ಅಳತೆಯಲ್ಲಿ ಕಂಡಿದೀರಾ?"

"ನಾಯಿಮೂಗು," ಎಂದು ಹಿಂದಿನಿಂದ ಗುಡುಗಣ್ಣ ಮೆಲ್ಲಗೆ ಕರೆದ. ಅವನು ಮೆಲ್ಲಗೆ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.

"ಎದೆಮಟ್ಟದಲ್ಲಿ ಸೊನ್ನೆ," ಅಂದೆ. ಸುಳ್ಳಲ್ಲ.

"ಕೆಳಗೆ?"

"ನಿಯಮದಲ್ಲಿ ಇಲ್ಲ."

ಸುರಕ್ಷತಾ ಅಧಿಕಾರಿ ನನ್ನ ಕಡೆ ಲೋಟ ಸರಿಸಿದ. ಚಹಾ ಕುಡಿದೆ. ಬಿಸಿಯಾಗಿತ್ತು ಎಂಬುದಷ್ಟೇ ಗೊತ್ತಾಯಿತು.

ಆಗ ಅಕ್ಕ ಎದ್ದುನಿಂತಳು. ಕೂಗಲಿಲ್ಲ. "ಸಾಹೇಬ್ರೇ, ಏನೂ ಇಲ್ಲ ಅಂತಾಳೆ ನನ್ನ ತಂಗಿ. ಇಪ್ಪತ್ತೆರಡು ವರ್ಷ ಅವಳ ಮೂಗು ಸುಳ್ಳು ಹೇಳಿಲ್ಲ. ಹಂಗಿದ್ರೆ ನನಗ್ಯಾಕೆ ಹೆದರಿಕೆ? ಸೋಮವಾರ ಹಡಗು ಬರ್ಲೇಬೇಕು, ತೊಟ್ಟಿ ಬರಿದಾಗ್ತಿದೆ ಅಂತ ಒಳಗಿನೋರೇ ಹೇಳಿದಾರೆ. ಬೆಳಿಗ್ಗೆ ಆರಕ್ಕೆ ಮೋರಿ ಬಾಯಲ್ಲಿ ನನ್ನ ಹಂಡೆಗೆ ಒಲೆ ಹಚ್ತೀನಿ. ನೀವೂ ಬನ್ನಿ. ಹೇಳದೆ ಬನ್ನಿ."

ತಪಾಸಣಾಧಿಕಾರಿ ಕನ್ನಡಕ ಒರೆಸಿಕೊಂಡು, ತನ್ನ ಕಾಗದದ ಅಂಚಿನಲ್ಲಿ ದಿನ, ವೇಳೆ ಗುರುತು ಹಾಕಿಕೊಂಡ. 

ಮೇ ೧೮, ಸೋಮವಾರ

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹಡಗು ಐದಕ್ಕೆ ಇಳಿಸಲು ಶುರುಮಾಡಿತು. ಗಾಳಿ ಇರಲಿಲ್ಲ. ಸುರಕ್ಷತಾ ಅಧಿಕಾರಿಗೆ ಬೇರೆ ಕಡೆ ಸಭೆ ಇತ್ತು. "ಮೇಡಂ, ನಿಮ್ಮ ಅಕ್ಕ ಅಲ್ವಾ, ನೀವೇ ಸಮಾಧಾನ ಮಾಡಿ," ಎಂದು ಫೋನಿನಲ್ಲಿ ಹೇಳಿದ.

ಮೋರಿಯ ಬಾಯಲ್ಲಿ ಮಂಜು ಸೊಂಟದ ತನಕ ತುಂಬಿತ್ತು. ಇಷ್ಟು ಎತ್ತರ ಹಿಂದೆ ಕಂಡಿರಲಿಲ್ಲ. ಅದರ ನಡುವೆ ಅಕ್ಕನ ಹಂಡೆ ತೇಲುವಂತೆ ಕಾಣುತ್ತಿತ್ತು. ಒಲೆಯಲ್ಲಿ ಸೌದೆ ಜೋಡಿಸಿತ್ತು. ಅಕ್ಕ ನಿಂತಿದ್ದಳು, ಸೊಂಟದ ಕೆಳಗೆ ಅವಳಿರಲಿಲ್ಲ. ಕೇರಿಯವರನ್ನೆಲ್ಲ, ಮಕ್ಕಳು ಮರಿ ಸಹಿತ, ಮೇಲಿನ ರಸ್ತೆಗೆ ಹತ್ತಿಸಿ ಕಳಿಸಿದ್ದಳು. ಅವರು ಏರಿಯ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು.  ತಪಾಸಣಾಧಿಕಾರಿ ಬಂದಿದ್ದ, ಪಕ್ಕದಲ್ಲಿ ಗುಡುಗಣ್ಣ. ಇಬ್ಬರೂ ಇಳಿಜಾರಿನ ಅರ್ಧಕ್ಕೆ ನಿಂತಿದ್ದರು.

ನಾನು ಇಳಿದೆ. ಕಾಲಿಗೆ ತಂಪು. ಹಿತವಾಗಿತ್ತು.

"ಬಂದ್ಯಾ," ಅಂದಳು ಅಕ್ಕ. ಅವಳ ಕೈಯಲ್ಲಿ ಬೆಂಕಿಪೊಟ್ಟಣ.

"ಬಗ್ಗಿ ನೋಡಿ ಹೇಳಮ್ಮಾ," ಎಂದು ತಪಾಸಣಾಧಿಕಾರಿ ಮೇಲಿನಿಂದ ಕೂಗಿದ.

"ನಿಯಮದಲ್ಲಿ ಇಲ್ಲ," ಅಂದೆ. ಮೀಟರ್ ನೋಡಿದೆ. ಎದೆಮಟ್ಟದಲ್ಲಿ ಸೊನ್ನೆ. ಒಂದು ಗೇಣು ಕೆಳಗೆ ಬಿಳಿ ಅಂಚು.

"ಹೇಳು," ಅಂದಳು ಅಕ್ಕ. "ಹಚ್ಲಾ?"

"ಹಚ್ಚು."

ನಾನೇ ಅಂದದ್ದು. ದನಿ ಸ್ಪಷ್ಟವಾಗಿತ್ತು. ಮೇಲೆ ಗುಡುಗಣ್ಣ ತಪಾಸಣಾಧಿಕಾರಿಯ ತೋಳು ಹಿಡಿದುಕೊಂಡ.

ಅಕ್ಕ ಹಚ್ಚಲಿಲ್ಲ. ನನ್ನನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ನನ್ನ ಬಲಗೈ ಎತ್ತಿ, ಬೆರಳು ಬಿಡಿಸಿ, ಪೊಟ್ಟಣವನ್ನು ಅಂಗೈಯಲ್ಲಿಟ್ಟು ಮುಚ್ಚಿದಳು. ಅವಳ ಕೈ ಒರಟು, ಬಟ್ಟೆ ಒಗೆಯುವ ಸೋಡಾ ತಿಂದ ಕೈ.

"ಸೊನ್ನೆ ಅಂತ ಬರ್ದೋಳು ನೀನು ಕಣೇ. ನೀನೇ ಹಚ್ಚು."

"ಸರಿ," ಅಂದೆ.

ಪೊಟ್ಟಣ ತೆರೆದೆ. ಒಂದು ಕಡ್ಡಿ ತೆಗೆದೆ. ಮದ್ದಿನ ಪಟ್ಟಿಗೆ ತಾಗಿಸಿದೆ. ಇಷ್ಟರವರೆಗೆ ಎಲ್ಲ ಸರಿಯಾಗಿತ್ತು. ಗೀರಬೇಕು ಅಂದುಕೊಂಡೆ. ಕೈ ಹೋಗಲಿಲ್ಲ. ಮತ್ತೆ ಅಂದುಕೊಂಡೆ. ಹೋಗಲಿಲ್ಲ. ಕೈ ನನ್ನದೇ, ಎದುರಿಗೇ ಇದೆ, ಬೆರಳಲ್ಲಿ ಕಡ್ಡಿಯಿದೆ, ಆದರೆ ಬೇರೆ ಯಾರದೋ ಮಾತು ಕೇಳುತ್ತಿತ್ತು. ನಾನು ಅದಕ್ಕೆ ಬಾಯಿಬಿಟ್ಟೇ ಹೇಳಿದೆ, "ಗೀರು, ಸೊನ್ನೆ ಇದೆ, ಗೀರು," ಎಂದು. ಏರಿಯ ಮೇಲಿನ ಎಲ್ಲರಿಗೂ ಕೇಳಿಸಿತಂತೆ.

ಎಷ್ಟು ಹೊತ್ತು ನಿಂತಿದ್ದೆನೋ. ಕಡೆಗೆ ಅಕ್ಕ ಕಡ್ಡಿಯನ್ನು ನನ್ನ ಬೆರಳಿಂದ ಮೆಲ್ಲಗೆ ಬಿಡಿಸಿಕೊಂಡಳು. ಪೊಟ್ಟಣವನ್ನೂ ತೆಗೆದುಕೊಂಡು, ಹಂಡೆಯ ನೀರಿನಲ್ಲಿ ಮುಳುಗಿಸಿಬಿಟ್ಟಳು.

"ನೋಡಿದ್ರಾ ಸಾಹೇಬ್ರೇ?" ಎಂದು ಮೇಲೆ ತಿರುಗಿ ಕೇಳಿದಳು.

"ನೋಡ್ದೆ," ಎಂದ ತಪಾಸಣಾಧಿಕಾರಿ. ಅಲ್ಲೇ ನಿಂತು, ಗುಡುಗಣ್ಣನ ಬೆನ್ನನ್ನೇ ಮೇಜು ಮಾಡಿಕೊಂಡು, ಆದೇಶ ಬರೆದ. ಕಣಕಾಲಿನ ಮಟ್ಟದಲ್ಲಿ ಅಳತೆಯಾಗಿ, ಕೀಲು ಬದಲಾಗುವ ತನಕ ಹಡಗಿಂದ ಇಳಿಸುವುದು ಬಂದ್.

ಆಗ ನಿವಾಸಿಗಳು ಕೂಗಿದರು. ಗುಡುಗಣ್ಣನ ದನಿ ಎಲ್ಲಕ್ಕಿಂತ ಮೇಲೆ. ಬಹುಶಃ ಜೆಟ್ಟಿಯ ತನಕ ಕೇಳಿಸಿತು. ನನಗೆ ಕಿವಿ ನೋವಾಯಿತು.

ಅಕ್ಕ ನನ್ನ ಭುಜ ಹಿಡಿದು ಏರಿ ಹತ್ತಿಸಿದಳು. "ಮನೆಗೆ ಬಾರೇ," ಅಂದಳು. ನನ್ನ ಮನೆ ಆ ಕಡೆಯಲ್ಲವಲ್ಲ ಎಂದು ಗುಡ್ಡದ ಕಡೆ ತೋರಿಸಿದೆ.

ಚಳಿಗೆ ಕೈ ಸೆಟೆದಿರಬೇಕು. ವೈದ್ಯರಿಗೆ ತೋರಿಸಬೇಕು.

ಮೇ ೨೧, ಗುರುವಾರ

ಕಂಪನಿಯಿಂದ ಪತ್ರ ಬಂದಿದೆ. ಒಂದೇ ಪುಟ. ಮೂರು ಹಡಗು ಬಂದರಿನಾಚೆ ಸುಮ್ಮನೆ ನಿಂತಿವೆಯಂತೆ. ಕೊನೆಗೆ ಒಂದು ಪ್ರಶ್ನೆ: 'ಸ್ಥಳದಲ್ಲಿ ಅನಿಲವಿಲ್ಲವೆಂದು ತಾವೇ ದಾಖಲಿಸಿ ಸಹಿ ಮಾಡಿರುವಾಗ ಕಡ್ಡಿ ಗೀರದಿರಲು ಕಾರಣವೇನು? ಎರಡು ದಿನಗಳೊಳಗೆ ಲಿಖಿತ ಉತ್ತರ ನೀಡತಕ್ಕದ್ದು.'

ಸುಲಭದ ಪ್ರಶ್ನೆ. ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ.

'ಕೈ ಮರಗಟ್ಟಿತ್ತು' ಎಂದು ಬರೆದೆ. ಮರಗಟ್ಟಿರಲಿಲ್ಲ, ಅಕ್ಕನ ಕೈಯ ಒರಟು ಚೆನ್ನಾಗಿ ತಿಳಿದಿತ್ತು. ಹೊಡೆದುಹಾಕಿದೆ. 'ಕಡ್ಡಿ ಒದ್ದೆಯಾಗಿತ್ತು' ಎಂದು ಬರೆದೆ. ಒಣಗಿತ್ತು. ಅದನ್ನೂ ಹೊಡೆದುಹಾಕಿದೆ. 'ಎದುರಿಗೆ ಅಕ್ಕ ಇದ್ದಳು' ಎಂದು ಬರೆದೆ.

ಇದನ್ನು ಹೊಡೆದುಹಾಕುವ ಕಾರಣ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಇದರ ಮುಂದೆ ಏನು ಬರೆಯಬೇಕು ಎಂಬುದೂ ತೋಚುತ್ತಿಲ್ಲ.

ಕಾಗದದ ಮೇಲೆ ಹನಿ ಬಿದ್ದು ಅಕ್ಷರ ಕಲಸಿದೆ. ಮಾಡು ಸೋರುತ್ತಿದೆಯೇನೋ ಎಂದು ತಲೆಯೆತ್ತಿ ನೋಡಿದೆ. ಹೊರಗೆ ಬಿಸಿಲು. ಮನೆ ಹೊಸದು, ಸೋರುವ ಹಾಗಿಲ್ಲ. ಕಾಗದ ಬದಲಿಸಿದೆ. ಅದರ ಮೇಲೂ ಬಿತ್ತು.